ಕರುಳು ಹೊರತೆಗೆದ ಗಾಯದಲ್ಲಿ ಹರ್ನಿಯಾ: ನಾನು ಬದಲಿಸಿಕೊಂಡದ್ದು

ಕರುಳಿನ ಆಪರೇಷನ್ ಲ್ಯಾಪ್ರೋಸ್ಕೋಪಿಯಲ್ಲಿ (ಸಣ್ಣ ತೂತುಗಳ ಮೂಲಕ) ಮಾಡಿದರೆ, ಗಾಯದ ಜಾಗದಲ್ಲಿ ಹೊಟ್ಟೆಯೊಳಗಿನದು ಉಬ್ಬಿ ಬರುವ ಹರ್ನಿಯಾದ ತಲೆನೋವು ಇರುವುದಿಲ್ಲ ಅಂತ ನಾನೂ ನಂಬಿದ್ದೆ. ಆದರೆ ಕತ್ತರಿಸಿದ ಕರುಳು ಹೊರಗೆ ಬರಲು ಒಂದು ದಾರಿ ಬೇಕಲ್ವಾ? ನಾನು ಎಲ್ಲರ ಹಾಗೆ ಹೊಕ್ಕುಳ ಪೋರ್ಟನ್ನೇ (ಉಪಕರಣ ತೂರಿಸುವ ತೂತು) ಮಿಡ್‌ಲೈನ್‌ನಲ್ಲಿ, ಅಂದರೆ ಹೊಟ್ಟೆಯ ನಡುಗೆರೆಯಲ್ಲಿ, ಹಿಗ್ಗಿಸುತ್ತಿದ್ದೆ. ಒಂದು ವರ್ಷ ಐದಾರು ಮಂದಿ ಅದೇ ಜಾಗದಲ್ಲಿ ಉಬ್ಬು ಇಟ್ಟುಕೊಂಡು ವಾಪಸ್ ಬಂದರು. ಎಲ್ಲರದೂ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 35 ದಾಟಿತ್ತು, ಅಂದರೆ ತುಂಬಾ ದಪ್ಪ. ಒಬ್ಬ ಅಜ್ಜಿ ಮಲಗಿ ಕೆಮ್ಮಿದಾಗ ಉಬ್ಬು ನನ್ನ ಅಂಗೈಗೆ ಬಂದು ಗುದ್ದಿತು. ಆ ಗಾಯ ಹೊಲಿದವನು ನಾನೇ.

ಮತ್ತೆ ಆಪರೇಷನ್, ದೊಡ್ಡ ಮೆಶ್ (ಹೊಟ್ಟೆ ಗೋಡೆಗೆ ಬಲ ಕೊಡುವ ಬಲೆ), ಮತ್ತೆ ವಾರ್ಡ್. ಮೊದಲ ಸಲ ಉಳಿಸಿದ ಒಂದು ದಾರದ ದುಡ್ಡು ಬಡ್ಡಿ ಸಮೇತ ಹೋಯಿತು, ಅದೂ ರೋಗಿಯ ಜೇಬಿನಿಂದ.

ಮೊದಲು ಬದಲಿಸಿದ್ದು ಜಾಗ. ಕತ್ತರಿಸಿದ ಕರುಳು ಈಗ ಫಾನೆನ್‌ಸ್ಟೀಲ್ ಗಾಯದಿಂದಲೇ (ಕೆಳಹೊಟ್ಟೆಯ ಅಡ್ಡ ಗಾಯ) ಹೊರಗೆ. ಎಡಗಡೆ ಕರುಳಿಗೆ ಇದು ಸುಲಭ, ಬಲಗಡೆಯದಕ್ಕೆ ಜೋಡಣೆಯನ್ನು ಹೊಟ್ಟೆಯೊಳಗೇ ಹೊಲಿಯಬೇಕು, ಶುರುವಿನಲ್ಲಿ ನನಗೆ ಮುಕ್ಕಾಲು ಗಂಟೆ ಜಾಸ್ತಿ ಹಿಡಿಯುತ್ತಿತ್ತು, ಅರಿವಳಿಕೆ ಡಾಕ್ಟರು ಗಡಿಯಾರ ನೋಡಿ ನೋಡಿ ಸುಸ್ತಾಗುತ್ತಿದ್ದರು. ಮೊದಲೆರಡು ಗಾಯಗಳಿಗೆ ಸೋಂಕೂ ಆಯಿತು. ತಪ್ಪು ನನ್ನದು: ಜೋಲುವ ಹೊಟ್ಟೆಯ ಮಡಿಕೆಯೊಳಗೇ ಕತ್ತರಿಸಿದ್ದೆ, ಅಲ್ಲಿ ಯಾವಾಗಲೂ ಬೆವರು. ಈಗ ರೋಗಿಯನ್ನು ನಿಲ್ಲಿಸಿ, ಮಡಿಕೆಗಿಂತ ಮೇಲೆ ಗುರುತು ಹಾಕಿಯೇ ಥಿಯೇಟರಿಗೆ ಕರೆಯುತ್ತೇನೆ.

ಆಮೇಲೆ ಹೊಲಿಗೆ. ಮಿಡ್‌ಲೈನ್ ತಪ್ಪದಿದ್ದಾಗ 2-0 ಪಿಡಿಎಸ್ (ನಿಧಾನವಾಗಿ ಕರಗುವ ತೆಳು ದಾರ), ಚಿಕ್ಕ ಸೂಜಿ, ಅಂಚಿನಿಂದ 5 ಮಿ.ಮೀ., ಹೊಲಿಗೆಯಿಂದ ಹೊಲಿಗೆಗೆ 5 ಮಿ.ಮೀ. ಫೇಸಿಯಾ (ಹೊಟ್ಟೆ ಗೋಡೆಯ ಗಟ್ಟಿ ಪದರ) ಮಾತ್ರ, ಕೊಬ್ಬು ಸೇರಬಾರದು. ಜೊತೆಯವರು ನಕ್ಕರು: "ಇಷ್ಟು ದಪ್ಪ ಹೊಟ್ಟೆಗೆ ಇಷ್ಟು ತೆಳು ದಾರವಾ? ಸಣ್ಣ ಹೊಲಿಗೆ, ದೊಡ್ಡ ಹೊಲಿಗೆ ಹೋಲಿಸಿದ 2015ರ ಸ್ಟಿಚ್ ಟ್ರಯಲ್‌ನಲ್ಲಿ ಇದ್ದವರ ಬಿಎಂಐ 24ರ ಹತ್ತಿರ, ನಿಮ್ಮ ರೋಗಿಗಳದ್ದಲ್ಲ." ಮಾತು ಸರಿಯೇ. ಒಂದು ವರ್ಷದ ಹೊತ್ತಿಗೆ ಹರ್ನಿಯಾ ದೊಡ್ಡ ಹೊಲಿಗೆಯವರಲ್ಲಿ ನೂರಕ್ಕೆ 21, ಸಣ್ಣ ಹೊಲಿಗೆಯವರಲ್ಲಿ 13 ಅಂತ ಅದರಲ್ಲಿ ಬಂದದ್ದೂ ತೆರೆದ ಆಪರೇಷನ್‌ಗಳಲ್ಲೇ. ಆದರೂ ಹಠ ಹಿಡಿದೆ.

ದಾರ ಅಳೆಯುವುದನ್ನು ಮಾತ್ರ ಬಿಡಲಿಲ್ಲ. ಮುಗಿದ ಮೇಲೆ ಉಳಿದ ತುಂಡನ್ನು ಸಿಸ್ಟರ್ ಸ್ಕೇಲ್ ಪಕ್ಕ ಇಡುತ್ತಾರೆ. ಗಾಯದ ಉದ್ದದ ನಾಲ್ಕು ಪಟ್ಟಾದರೂ ದಾರ ಹೋಗಿರಬೇಕು; 6 ಸೆಂ.ಮೀ. ಗಾಯಕ್ಕೆ 24 ಸೆಂ.ಮೀ.ಗಿಂತ ಕಡಿಮೆ ದಾರ ಹೋಗಿದ್ದರೆ ಬಿಚ್ಚಿ ಮತ್ತೆ ಹೊಲಿಗೆ. ಒಮ್ಮೆ 19 ಬಂತು, ರಾತ್ರಿ ಹತ್ತು ಗಂಟೆ, ಎಲ್ಲರ ಮುಖ ಬಾಡಿತು, ಆದರೂ ಬಿಚ್ಚಿದೆ. ಅಷ್ಟು ಕೊಬ್ಬಿನ ಆಳದಲ್ಲಿ ಫೇಸಿಯಾ ಅಂಚು ಕಾಣುವ ಹಾಗೆ ಹಿಡಿಯಲು ನನ್ನದೊಂದು ಉಪಾಯ ಇದೆ, ಅದನ್ನು ಬರೆಯುವುದಿಲ್ಲ, ಥಿಯೇಟರಿಗೆ ಬಂದರೆ ತೋರಿಸುತ್ತೇನೆ.

ನಡುವೆ ಒಬ್ಬರಿಗೆ ಮುಂಜಾಗ್ರತೆಗೆ ಅಂತ ಫೇಸಿಯಾ ಮೇಲೆ ಮೆಶ್ ಹಾಕಿ ನೋಡಿದೆ. ಹರ್ನಿಯಾ ಬರಲಿಲ್ಲ, ಸೆರೋಮ (ಚರ್ಮದಡಿ ನೀರು ತುಂಬುವುದು) ಬಂತು, ಮೂರು ವಾರ ಸಿರಿಂಜ್ ಹಿಡಿದು ಕೂತೆ. ಕರುಳು ತೆರೆದ ಆಪರೇಷನ್‌ನಲ್ಲಿ ಸೋಂಕಿನ ಭಯಕ್ಕೆ ಮೆಶ್ ಇಡಲು ಧೈರ್ಯವೂ ಸಾಲದು, ದುಡ್ಡೂ ಜಾಸ್ತಿ. ಹೊಟ್ಟೆ ಬೆಲ್ಟ್ ಎಲ್ಲರಿಗೂ ಕಟ್ಟಿಸಿದೆ. ನೋವು ಕಡಿಮೆ ಅಂದರು. ಹರ್ನಿಯಾ ತಡೆಯುತ್ತದೆ ಅಂತ ನನಗನಿಸಿಲ್ಲ. 10 ಮಿ.ಮೀ. ದಾಟಿದ ಪೋರ್ಟ್ ಎಲ್ಲಿದ್ದರೂ ಫೇಸಿಯಾ ಮುಚ್ಚುತ್ತೇನೆ.

ಈ ರೀತಿಯಲ್ಲಿ ಸುಮಾರು 40 ದಪ್ಪ ರೋಗಿಗಳಾದರು. ಎರಡು ವರ್ಷ ದಾಟಿದವರಲ್ಲಿ ಒಬ್ಬರಿಗೆ ಮಾತ್ರ ಹರ್ನಿಯಾ ಬಂತು: ಸಿಗರೇಟ್ ಬಿಡದವರು, ಗಾಯಕ್ಕೆ ಸೋಂಕೂ ಆಗಿತ್ತು. ನಕ್ಕವರಲ್ಲಿ ಇಬ್ಬರು ಈಗ ಸ್ಕೇಲ್ ಕೇಳುತ್ತಾರೆ. ಸ್ಟೋಮಾ (ಮಲ ಹೋಗಲು ಹೊಟ್ಟೆ ಮೇಲೆ ಕರುಳಿಗೆ ಮಾಡಿದ ಬಾಯಿ) ಮುಚ್ಚಿದ ಜಾಗದ ಹರ್ನಿಯಾಗೆ ಮಾತ್ರ ನನ್ನ ಹತ್ತಿರ ಇನ್ನೂ ಮದ್ದಿಲ್ಲ.