ಮೇಲೆ ನೊರೆ, ಕೆಳಗೆ ಖಡಕ್: ಮನೆಯಲ್ಲೇ ಚಹಾ ಲಾಟೆ ಮಾಡಿ

ಹುಬ್ಬಳ್ಳಿಯ ವಿದ್ಯಾನಗರ, ಗೋಕುಲ ರಸ್ತೆ ಕಡೆಯ ಕೆಫೆಗಳಲ್ಲಿ ಈಗ ಚಹಾ ಲಾಟೆ ಕೇಳುವವರು ಜಾಸ್ತಿಯಾಗಿದ್ದಾರೆ. ದೊಡ್ಡ ಕಪ್ಪು, ಮೇಲೆ ಒಂದು ಬೆರಳಿನಷ್ಟು ನೊರೆ, ಗುಟುಕು ಗುಟುಕಿಗೂ ನುಣುಪು. ಅದನ್ನೇ ಮನೆಯಲ್ಲಿ ಮಾಡಲು ಹೊರಟವರು ಸಾಮಾನ್ಯವಾಗಿ ಹಾಲು ಜಾಸ್ತಿ ಸುರಿಯುತ್ತಾರೆ. ಸಾಲದು ಅನಿಸಿದರೆ ಕೆನೆ ಹಾಕುತ್ತಾರೆ, ಹಾಲಿನ ಪುಡಿ ಕಲಸುತ್ತಾರೆ. ಚಹಾ ಮಂದವಾಗುತ್ತದೆ, ಆದರೆ ಆ ನುಣುಪು ಬರುವುದಿಲ್ಲ. ಯಾಕೆಂದರೆ ನುಣುಪು ಇರುವುದು ಎರಡೇ ಸಂಗತಿಯಲ್ಲಿ. ಹಾಲು ಎಷ್ಟು ಬಿಸಿಯಾಯಿತು, ಅದರೊಳಗೆ ಗಾಳಿ ಹೇಗೆ ಸೇರಿತು. ಇವೆರಡು ಕೈಗೆ ಹತ್ತಿದರೆ ಯಂತ್ರವೇ ಬೇಡ, ಮನೆಯ ಕಡಗೋಲೇ ಸಾಕು.

ನಮ್ಮ ಕಡೆಯ ಚಹಾದಲ್ಲಿ ನೀರು, ಹಾಲು, ಸಕ್ಕರೆ, ಪುಡಿ ಎಲ್ಲವೂ ಒಂದೇ ಪಾತ್ರೆಯಲ್ಲಿ ಕುದಿಯುತ್ತವೆ. ಎರಡು ಮೂರು ಸಲ ಉಕ್ಕಿ ಇಳಿದ ಮೇಲೇ ಅದು ಖಡಕ್. ಲಾಟೆಯ ದಾರಿ ಬೇರೆ. ಇಲ್ಲಿ ಚಹಾ ಚೆನ್ನಾಗಿ ಕುದಿಯಬೇಕು, ಹಾಲು ಕುದಿಯಲೇಬಾರದು. ಅದಕ್ಕೇ ಎರಡು ಪಾತ್ರೆ. ಎರಡೂ ಸೇರುವುದು ಕಪ್ಪಿನಲ್ಲಿ.

ಇಬ್ಬರಿಗೆ ಅಳತೆ

ನೀರು 200 ಮಿಲಿ, ಚಹಾ ಪುಡಿ 3 ಟೀ ಚಮಚ, ಹಾಲು 300 ಮಿಲಿ, ಸಕ್ಕರೆ 3ರಿಂದ 4 ಟೀ ಚಮಚ, ಏಲಕ್ಕಿ 3. ನೀರು ಕುದಿದು ಸೋಸಿದ ಮೇಲೆ ಡಿಕಾಕ್ಷನ್ ಸುಮಾರು 150 ಮಿಲಿ ಉಳಿಯುತ್ತದೆ. ಅಂದರೆ ಒಂದು ಪಾಲು ಚಹಾಕ್ಕೆ ಎರಡು ಪಾಲು ಹಾಲು. ಈ ಲೆಕ್ಕ ನೆನಪಿಟ್ಟುಕೊಂಡರೆ ಎಷ್ಟು ಜನರಿಗೆ ಬೇಕಾದರೂ ಮಾಡಬಹುದು.

ಹಾಲು ಯಾವುದು?

ನೊರೆ ಎದ್ದು ನಿಲ್ಲುವುದು ಹಾಲಿನ ಪ್ರೊಟೀನಿನಿಂದ. ಅದು ಗಾಳಿಯ ಗುಳ್ಳೆಗಳ ಸುತ್ತ ತೆಳು ಪದರ ಕಟ್ಟಿ ಹಿಡಿದುಕೊಳ್ಳುತ್ತದೆ. ಬಾಯಿಗೆ ಸಿಗುವ ಮೆತ್ತನೆಯ ರುಚಿ ಕೊಬ್ಬಿನದು. ಕೊಬ್ಬು ಕಡಿಮೆ ಇದ್ದರೆ ನೊರೆ ಎತ್ತರಕ್ಕೆ ಏಳುತ್ತದೆ, ಆದರೆ ಬರೀ ಗುಳ್ಳೆ. ಕೊಬ್ಬು ಜಾಸ್ತಿ ಇದ್ದರೆ ನೊರೆ ಕಡಿಮೆ, ಆದರೆ ಗಟ್ಟಿ ಮತ್ತು ನಯ. ಟೋನ್ಡ್ ಹಾಲಿನಲ್ಲಿ ಕೊಬ್ಬು ಶೇ 3, ಸ್ಟ್ಯಾಂಡರ್ಡೈಸ್ಡ್ ಹಾಲಿನಲ್ಲಿ ಶೇ 4.5, ಫುಲ್ ಕ್ರೀಮ್‌ನಲ್ಲಿ ಶೇ 6. ನಂದಿನಿಯಲ್ಲಿ ನೋಡುವುದಾದರೆ ನೀಲಿ ಪಾಕೀಟು ಟೋನ್ಡ್, ಶುಭಂ ನಡುವಿನದು, ಸಮೃದ್ಧಿ ಫುಲ್ ಕ್ರೀಮ್. ನನ್ನ ಆಯ್ಕೆ ನಡುವಿನದೇ. ನೊರೆಯೂ ಬರುತ್ತದೆ, ರುಚಿಯೂ ಇರುತ್ತದೆ.

ಧಾರವಾಡದಲ್ಲಿ ಗೌಳಿಗರ ಮನೆಯಿಂದ ಎಮ್ಮೆ ಹಾಲು ತರಿಸುವವರು ಇನ್ನೂ ಇದ್ದಾರೆ. ಧಾರವಾಡ ಪೇಡೆಗೆ ಹೆಸರು ತಂದುಕೊಟ್ಟಿದ್ದೇ ಈ ಎಮ್ಮೆಗಳ ಹಾಲು. ಆ ಹಾಲಿನಲ್ಲಿಯೂ ಲಾಟೆ ಮಾಡಬಹುದು, ರುಚಿಯಂತೂ ಬಹಳ ಚಲೋ. ಆದರೆ ಬಿಡಿ ಹಾಲನ್ನು ಮೊದಲು ಪೂರ್ತಿ ಕಾಯಿಸಲೇಬೇಕು, ಅದರಲ್ಲಿ ರಾಜಿ ಬೇಡ. ಕಾಯಿಸಿ, ಆರಿಸಿ, ಫ್ರಿಜ್ಜಿನಲ್ಲಿಟ್ಟು, ಮೇಲೆ ಕಟ್ಟಿದ ಕೆನೆ ತೆಗೆದು, ಜರಡಿಯಲ್ಲಿ ಸೋಸಿ ಬಳಸಿ. ಕೆನೆಯ ಚೂರು ಉಳಿದರೆ ನೊರೆಯಲ್ಲಿ ಗಂಟುಗಂಟಾಗಿ ಸಿಗುತ್ತದೆ. ಹಾಲು ದಪ್ಪ ಅನಿಸಿದರೆ ಕಾಲು ಭಾಗ ನೀರು ಬೆರೆಸಿ. ಪಾಕೀಟಿನ ಹಾಲು ಡೇರಿಯಲ್ಲೇ ಪಾಶ್ಚರೀಕರಣವಾಗಿ ಬಂದಿರುತ್ತದೆ. ಪಾಕೀಟು ತಂಪಾಗಿದ್ದು, ಅದೇ ದಿನದ್ದಾದರೆ ನೇರವಾಗಿ ಲಾಟೆಗೆ ಬಳಸಬಹುದು.

ಹಾಲು ಹೊಸದಿರಬೇಕು ಎನ್ನುವುದಕ್ಕೆ ಕಾರಣವಿದೆ. ದಿನ ಕಳೆದಂತೆ ಹಾಲಿನ ಕೊಬ್ಬು ಒಡೆಯತೊಡಗುತ್ತದೆ, ಒಡೆದ ಕೊಬ್ಬು ನೊರೆಯನ್ನು ನಿಲ್ಲಗೊಡುವುದಿಲ್ಲ. ಕುಡಿಯಲು ಚೆನ್ನಾಗಿಯೇ ಇರುವ ಹಾಲು ಎಷ್ಟು ಕಡೆದರೂ ನೊರೆ ಕೊಡದಿದ್ದರೆ ಮೊದಲು ಪಾಕೀಟಿನ ತಾರೀಖು ನೋಡಿ.

ಮೊದಲು ಡಿಕಾಕ್ಷನ್

ನೀರಿನಿಂದಲೇ ಶುರು ಮಾಡಬೇಕು. ಬೋರ್‌ವೆಲ್ ನೀರಿನಲ್ಲಿ ಚಹಾ ಮಾಡಿದರೆ ಮೇಲೆ ತೆಳುವಾಗಿ ಒಂದು ಪೊರೆ ಕಟ್ಟುವುದನ್ನು ನೀವು ನೋಡಿರುತ್ತೀರಿ. ಅದು ಗಡಸು ನೀರಿನ ಸುಣ್ಣದ ಅಂಶ ಚಹಾದ ಜೊತೆ ಸೇರಿ ಆಗುವಂಥದ್ದು. ಬಣ್ಣವೂ ಮಂಕು, ರುಚಿಯೂ ಮಂಕು. ನಮ್ಮಲ್ಲಿ ನಳದ ನೀರು ದಿನವೂ ಬರುವುದಿಲ್ಲ, ಆದ್ದರಿಂದ ಎಷ್ಟೋ ಮನೆಗಳಲ್ಲಿ ಬೋರ್ ನೀರೇ ಅಡುಗೆಗೂ ಹೋಗುತ್ತದೆ. ಚಹಾಕ್ಕೆ ಮಾತ್ರ ಕುಡಿಯುವ ಫಿಲ್ಟರ್ ನೀರು ಬಳಸಿ. ಗದಗ ಕಡೆಯವರಿಗೆ ಇದನ್ನು ಇನ್ನೂ ಒತ್ತಿ ಹೇಳುತ್ತೇನೆ.

ಪುಡಿಗೆ ಸಣ್ಣ ಕಾಳಿನಂಥ ಸಿಟಿಸಿ (ಕ್ರಶ್, ಟೇರ್, ಕರ್ಲ್) ಚಹಾವೇ ಸರಿ, ಅದರಲ್ಲೂ ಅಸ್ಸಾಮಿನದು. 1930ರ ಸುಮಾರಿಗೆ ವಿಲಿಯಂ ಮೆಕರ್ಚರ್ ಎನ್ನುವವರು ಅಸ್ಸಾಮಿನಲ್ಲಿ ಇದನ್ನು ಮಾಡುವ ಯಂತ್ರ ತಂದರು. ಹಲ್ಲಿರುವ ರೋಲರುಗಳ ನಡುವೆ ಎಲೆ ಜಜ್ಜಿ, ಹರಿದು, ಸುರುಳಿಯಾಗಿ ಕಾಳಾಗುತ್ತದೆ. ಎಲೆ ಅಷ್ಟು ಸಣ್ಣದಾಗುವುದರಿಂದ ಬಣ್ಣ, ಖಡಕ್ ಎರಡೂ ಬೇಗ ನೀರಿಗಿಳಿಯುತ್ತವೆ. ಹಾಲಿಗೆ ಎದುರು ನಿಲ್ಲುವ ಚಹಾ ಇದು. ಡಾರ್ಜಿಲಿಂಗ್ ಎಲೆ ದುಬಾರಿ, ಸುವಾಸನೆ ಚೆನ್ನ, ಆದರೆ ಎರಡು ಪಾಲು ಹಾಲಿನಲ್ಲಿ ಅದು ಕಾಣೆಯಾಗಿ ಹೋಗುತ್ತದೆ. ಅದನ್ನು ಹಾಲಿಲ್ಲದೆ ಕುಡಿಯಿರಿ.

ಈಗ ಒಲೆ ಹಚ್ಚಿ. ನೀರಿಗೆ ಜಜ್ಜಿದ ಏಲಕ್ಕಿಯನ್ನು ಸಿಪ್ಪೆ ಸಮೇತ ಹಾಕಿ. (ಹಾವೇರಿಯ ಏಲಕ್ಕಿ ಹಾರ ಎಲ್ಲರಿಗೂ ಗೊತ್ತು. ಒಂದು ಕಾಲಕ್ಕೆ ಮಲೆನಾಡಿನ ಏಲಕ್ಕಿ ಹಾವೇರಿಗೆ ಬಂದು, ಇಲ್ಲಿ ತೊಳೆದು ಹದವಾಗಿ ಮುಂದಿನ ಪೇಟೆಗೆ ಹೋಗುತ್ತಿತ್ತು.) ನೀರು ಕುದಿ ಬಂದ ಮೇಲೆ ಸಕ್ಕರೆ, ಚಹಾ ಪುಡಿ ಹಾಕಿ ಉರಿ ಸಣ್ಣದು ಮಾಡಿ. ಮೂರರಿಂದ ನಾಲ್ಕು ನಿಮಿಷ ಸಾಕು. ಇನ್ನೂ ಖಡಕ್ ಬೇಕೆಂದು ಹತ್ತು ನಿಮಿಷ ಕುದಿಸಬೇಡಿ. ಆಗ ಬರುವುದು ಬರೀ ಚೊಗರು, ಕಹಿ. ಖಡಕ್ ಬೇಕಿದ್ದರೆ ಪುಡಿ ಅರ್ಧ ಚಮಚ ಜಾಸ್ತಿ ಹಾಕಿ, ಸಮಯ ಅಷ್ಟೇ ಇರಲಿ.

ಬರೀ ಡಿಕಾಕ್ಷನ್ ರುಚಿ ನೋಡಿದರೆ ಕುಡಿಯಲು ಆಗದಷ್ಟು ಗಡುಸಾಗಿರುತ್ತದೆ. ಹಾಗೇ ಇರಬೇಕು. ಹಾಲಿನ ಕೇಸೀನ್ ಎಂಬ ಪ್ರೊಟೀನು ಚಹಾದ ಚೊಗರನ್ನು ಹಿಡಿದು ಕಟ್ಟಿಹಾಕುತ್ತದೆ. ಆದ್ದರಿಂದ ಬರೀ ಬಾಯಿಗೆ ಹಿತವಾಗಿರುವ ಡಿಕಾಕ್ಷನ್ ಹಾಲು ಸೇರಿದ ಮೇಲೆ ಸಪ್ಪೆ. ಸೋಸಿ ಮುಚ್ಚಿಡಿ.

ಹಾಲು: 65 ಡಿಗ್ರಿಯ ಆಟ

ಇಡೀ ಕೆಲಸದ ಜೀವ ಇರುವುದು ಇಲ್ಲಿ. ಹಾಲನ್ನು 60ರಿಂದ 65 ಡಿಗ್ರಿ ಸೆಲ್ಸಿಯಸ್‌ವರೆಗೆ ಮಾತ್ರ ಬಿಸಿ ಮಾಡಬೇಕು. ಆ ಹದದಲ್ಲಿ ಕೊಬ್ಬು ಕರಗಿರುತ್ತದೆ, ಪ್ರೊಟೀನು ಗುಳ್ಳೆಗಳನ್ನು ಹಿಡಿದುಕೊಳ್ಳಲು ತಯಾರಿರುತ್ತದೆ, ಹಾಲಿನ ಸಹಜ ಸಿಹಿ ನಾಲಿಗೆಗೆ ಚೆನ್ನಾಗಿ ಸಿಗುತ್ತದೆ. 70 ದಾಟಿದರೆ ಪ್ರೊಟೀನಿನ ರೂಪ ಕೆಡತೊಡಗುತ್ತದೆ, ಕಾದ ಹಾಲಿನ ವಾಸನೆ ಬರುತ್ತದೆ, ಮೇಲೆ ಕೆನೆ ಕಟ್ಟುತ್ತದೆ. ನಾವು ದಿನಾ ಕುಡಿಯುವ ಚಹಾದಲ್ಲಿ ಆ ಕಾದ ಹಾಲಿನ ರುಚಿ ಬೇಕು, ಅದರ ಸೊಗಸೇ ಅದು. ಲಾಟೆಗೆ ಬೇಡ.

ಥರ್ಮಾಮೀಟರ್ ಇಲ್ಲದೆ ತಿಳಿಯುವುದು ಹೇಗೆ? ದಪ್ಪ ತಳದ ಪಾತ್ರೆಯಲ್ಲಿ ತಣ್ಣನೆಯ ಹಾಲಿಟ್ಟು ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಆಗಾಗ ಕೈಯಾಡಿಸಿ. ಹಾಲಿನ ಮೇಲಿಂದ ಹಬೆ ಏಳಲು ಶುರುವಾಗುತ್ತದೆ. ಪಾತ್ರೆಯ ಅಂಚಿನಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಒಂದೊಂದೇ ಕಾಣಿಸಿಕೊಳ್ಳುತ್ತವೆ. ಅಷ್ಟೇ, ಇಳಿಸಿಬಿಡಿ. ಅಂಚಿನ ಗುಳ್ಳೆ ನಡುವಿಗೆ ಬಂದರೆ ತಡವಾಯಿತೆಂದೇ ಲೆಕ್ಕ. ಹಾಲಿಟ್ಟು ಫೋನ್ ಹಿಡಿದು ಪಡಸಾಲೆಗೆ ಹೋಗಬೇಡಿ. ಎರಡು ಮೂರು ನಿಮಿಷದ ಕೆಲಸ, ಒಲೆಯ ಮುಂದೆಯೇ ನಿಲ್ಲಿ.

ನೊರೆ ಎಬ್ಬಿಸುವುದು

ಸಲಕರಣೆ ಯಾವುದಾದರೂ ಇರಲಿ, ಕೆಲಸ ಎರಡು ಹಂತದ್ದು. ಮೊದಲು ಗಾಳಿ ಸೇರಿಸಬೇಕು, ಆಮೇಲೆ ದೊಡ್ಡ ಗುಳ್ಳೆಗಳನ್ನು ಒಡೆದು ಸಣ್ಣದು ಮಾಡಬೇಕು. ಎರಡನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಸೋಪಿನ ನೊರೆಯಂತೆ ದಪ್ಪ ಗುಳ್ಳೆ ಮೇಲೆ ನಿಂತು, ಕೆಳಗೆ ತೆಳು ಹಾಲು ಉಳಿಯುವುದು ಅದಕ್ಕೇ.

ಕಡಗೋಲಿನಲ್ಲಿ ಮಾಡುವುದಾದರೆ ಎತ್ತರದ, ಕಿರಿದಾದ ಪಾತ್ರೆ ತೆಗೆದುಕೊಳ್ಳಿ. ಹಾಲು ಅರ್ಧಕ್ಕಿಂತ ಕಡಿಮೆ ಇರಲಿ, ನೊರೆ ಏಳಲು ಜಾಗ ಬೇಕಲ್ವಾ? ಪಾತ್ರೆಯನ್ನು ಸ್ವಲ್ಪ ಓರೆ ಮಾಡಿ. ಕಡಗೋಲಿನ ತಲೆ ಹಾಲಿನ ಮೇಲ್ಮೈಗೆ ಅರ್ಧ ಮುಳುಗಿ ಅರ್ಧ ಹೊರಗಿರಬೇಕು. ಎರಡು ಅಂಗೈ ನಡುವೆ ಜೋರಾಗಿ ತಿರುಗಿಸಿ. ಒಂದು ನಿಮಿಷದೊಳಗೆ ಹಾಲು ಒಂದೂವರೆ ಪಟ್ಟು ಏರುತ್ತದೆ. ಆಮೇಲೆ ಕಡಗೋಲನ್ನು ತಳದವರೆಗೆ ಇಳಿಸಿ ಇನ್ನರ್ಧ ನಿಮಿಷ ನಿಧಾನವಾಗಿ ಆಡಿಸಿ. ದೊಡ್ಡ ಗುಳ್ಳೆಗಳು ಒಳಗೆ ಸುತ್ತಿ ಒಡೆದು ಹೋಗುತ್ತವೆ. ಮಜ್ಜಿಗೆ ಕಡೆದ ಕೈಗೆ ಇದು ಹೊಸದೇನಲ್ಲ. ಮಜ್ಜಿಗೆಗೆ ಬಳಸುವ ಕಡಗೋಲನ್ನು ಮಾತ್ರ ಮೊದಲು ಬಿಸಿನೀರಿನಲ್ಲಿ ತೊಳೆಯಿರಿ, ಹುಳಿ ಉಳಿದಿದ್ದರೆ ಹಾಲು ಒಡೆಯುವ ಭಯ.

ಹಾಲು ಕಡೆದು ನೊರೆ ಎಬ್ಬಿಸುವ ಬ್ಯಾಟರಿಯ ಸಣ್ಣ ಫ್ರಾಥರ್ ಇದ್ದರೂ ಇದೇ ಕ್ರಮ. ಮೊದಲು ಮೇಲೆ, ಆಮೇಲೆ ತಳಕ್ಕೆ. ಫ್ರೆಂಚ್ ಪ್ರೆಸ್ (ಜಾಲರಿ ಒತ್ತಿ ಕಾಫಿ ಸೋಸುವ ಜಾಡಿ) ಇದ್ದರೆ ಇನ್ನೂ ಸುಲಭ. ಮೂರನೇ ಒಂದು ಭಾಗ ಬಿಸಿ ಹಾಲು ಹಾಕಿ, ಹಿಡಿಕೆಯನ್ನು ಇಪ್ಪತ್ತು ಮೂವತ್ತು ಸಲ ಮೇಲೆ ಕೆಳಗೆ ಮಾಡಿ. ಅದರ ಜಾಲರಿ ಗುಳ್ಳೆಗಳನ್ನು ಬಹಳ ಸಣ್ಣದಾಗಿ ಕತ್ತರಿಸುತ್ತದೆ. ಏನೂ ಇಲ್ಲವೇ? ಗಟ್ಟಿ ಮುಚ್ಚಳದ ಗಾಜಿನ ಬಾಟಲಿಯಲ್ಲಿ ತಣ್ಣನೆಯ ಹಾಲು ಹಾಕಿ ಚೆನ್ನಾಗಿ ಅಲುಗಾಡಿಸಿ, ಮುಚ್ಚಳ ತೆಗೆದು ಮೈಕ್ರೊವೇವ್‌ನಲ್ಲಿ ಅರ್ಧ ನಿಮಿಷ ಇಡಿ. ಬಿಸಿಗೆ ನೊರೆ ಗಟ್ಟಿಯಾಗುತ್ತದೆ. ಬಿಸಿ ಹಾಲನ್ನು ಮುಚ್ಚಿದ ಬಾಟಲಿಯಲ್ಲಾಗಲಿ, ಮಿಕ್ಸರ್ ಜಾರಿನಲ್ಲಾಗಲಿ ಹಾಕಲೇಬೇಡಿ. ಹಬೆಯ ಒತ್ತಡಕ್ಕೆ ಮುಚ್ಚಳ ಹಾರಿ ಕೈ, ಮುಖ ಸುಡುತ್ತದೆ.

ನೊರೆ ಎದ್ದ ಮೇಲೆ ಪಾತ್ರೆಯನ್ನು ಕಟ್ಟೆಯ ಮೇಲೆ ಎರಡು ಸಲ ಮೆಲ್ಲಗೆ ಕುಟ್ಟಿ, ದುಂಡಗೆ ತಿರುಗಿಸಿ. ಹಾಲಿನ ಮೇಲ್ಮೈ ಮಿರಮಿರ ಹೊಳೆಯಬೇಕು, ಗುಳ್ಳೆ ಕಣ್ಣಿಗೆ ಕಾಣಬಾರದು. ಹಾಗಾದರೆ ಗೆದ್ದಿರಿ.

ಸುರಿಯುವುದು

ಕಪ್ಪನ್ನು ಬಿಸಿನೀರಿನಲ್ಲಿ ತೊಳೆದು ಬೆಚ್ಚಗಿಡಿ. 65 ಡಿಗ್ರಿಯ ಹಾಲು ತಣ್ಣನೆಯ ಕಪ್ಪಿಗೆ ಬಿದ್ದರೆ ಬೇಗ ಆರಿಹೋಗುತ್ತದೆ. ಡಿಕಾಕ್ಷನ್ ಇನ್ನೊಮ್ಮೆ ಬಿಸಿ ಮಾಡಿ ಕಪ್ಪಿಗೆ ಹಾಕಿ. ಚಮಚದಿಂದ ನೊರೆಯನ್ನು ತಡೆದು ಮೊದಲು ಹಾಲು ಸುರಿಯಿರಿ, ಕೊನೆಗೆ ನೊರೆ ಬಿಡಿ. ತಡಮಾಡಿದರೆ ಹಾಲು, ನೊರೆ ಬೇರೆ ಬೇರೆಯಾಗುತ್ತವೆ.

ಶುಂಠಿ, ಬೆಲ್ಲ ಹಾಕುವವರಿಗೆ

ಹಸಿ ಶುಂಠಿಯಲ್ಲಿ ಹಾಲನ್ನು ಒಡೆಯುವ ಕಿಣ್ವ ಇದೆ. ನೀರಿನಲ್ಲಿ ಚೆನ್ನಾಗಿ ಕುದಿದರೆ ಅದರ ಶಕ್ತಿ ಹೋಗುತ್ತದೆ. ಆದ್ದರಿಂದ ಶುಂಠಿ ಯಾವಾಗಲೂ ಡಿಕಾಕ್ಷನ್ ನೀರಿಗೆ, ಅದೂ ಚಹಾ ಪುಡಿಗಿಂತ ಮೊದಲು. ಬೆಲ್ಲದ ಲಾಟೆ ನನಗೆ ಸಕ್ಕರೆಯದಕ್ಕಿಂತ ಇಷ್ಟ. ಬೆಲ್ಲವನ್ನು ಡಿಕಾಕ್ಷನ್‌ನಲ್ಲಿ ಕರಗಿಸಿ ಸೋಸಿ. ಹಾಲಿನ ಜೊತೆ ಕುದಿಸಿದರೆ ಒಡೆಯುತ್ತದೆ, ಲಾಟೆಯಲ್ಲಿ ಹಾಲು ಕುದಿಯುವುದೇ ಇಲ್ಲವಾದ್ದರಿಂದ ಆ ಭಯ ಕಡಿಮೆ. ಬೆಲ್ಲ ತುಂಬ ಹುಳಿಯಿದ್ದರೆ ಮಾತ್ರ ಬಿಟ್ಟುಬಿಡಿ.

ಗಿರ್ಮಿಟ್, ಮಿರ್ಚಿ ಭಜಿ ಜೊತೆ ಲಾಟೆ ಹೊಂದುವುದಿಲ್ಲ. ಅದಕ್ಕೆ ನಮ್ಮ ಕಟಿಂಗ್ ಚಹಾವೇ ಆಗಬೇಕು. ಲಾಟೆಗೆ ಖಾರಿ, ಟೋಸ್ಟ್, ನಾನಕಟಾಯಿ ಚಲೋ. ಪೇಡೆ ಇಟ್ಟುಕೊಂಡು ಕುಡಿಯುವವರು ಚಹಾಕ್ಕೆ ಸಕ್ಕರೆ ಹಾಕಲೇಬೇಡಿ, ಆಗ ಎರಡರ ರುಚಿಯೂ ತಿಳಿಯುತ್ತದೆ.

ಏಪ್ರಿಲ್, ಮೇ ಬಿಸಿಲಿಗೆ ತಣ್ಣನೆಯ ಲಾಟೆ ಮಾಡಬಹುದು. ಪುಡಿ ಒಂದು ಚಮಚ ಜಾಸ್ತಿ ಹಾಕಿ ಡಿಕಾಕ್ಷನ್ ಮಾಡಿ, ಆರಿಸಿ, ಐಸ್ ತುಂಬಿದ ಗ್ಲಾಸಿಗೆ ಹಾಕಿ, ಮೇಲೆ ತಣ್ಣನೆಯ ಹಾಲು ಕಡೆದು ಸುರಿಯಿರಿ. ಉಳಿದ ಡಿಕಾಕ್ಷನ್ ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ಮರುದಿನಕ್ಕೆ ನಡೆಯುತ್ತದೆ. ತಣ್ಣಗಾದಾಗ ಅದು ಮೋಡ ಕಟ್ಟಿದಂತೆ ಮಬ್ಬಾಗುತ್ತದೆ, ಕೆಟ್ಟಿತೆಂದು ಚೆಲ್ಲಬೇಡಿ. ಬಿಸಿ ಮಾಡಿದರೆ ಮತ್ತೆ ತಿಳಿಯಾಗುತ್ತದೆ. ಹಾಲನ್ನು ಮಾತ್ರ ಆಗಿಂದಾಗಲೇ ಕಡೆಯಬೇಕು.