ಮಿಕ್ಕಿ ಜೊತೆ ತಿಂಡಿ: ಬುಕ್ ಮಾಡುವ ಮುಂಚೆ ಇಷ್ಟು ನೋಡಿ

ನಮಸ್ಕಾರ. ನಮ್ಮ ದಾವಣಗೆರೆಯಿಂದ ಫ್ಲೋರಿಡಾದ ಡಿಸ್ನಿ ವರ್ಲ್ಡ್‌ಗೆ ಮಕ್ಕಳನ್ನು ಕರ್ಕೊಂಡು ಹೋಗುವವರಿಗೆ ಒಂದು ಮಾತು. ಅಲ್ಲಿ ಮಿಕ್ಕಿ, ಗೂಫಿ ವೇಷದವರು ತಿಂಡಿ ತಿನ್ನುವ ಟೇಬಲ್ಲಿಗೇ ಬರುತ್ತಾರೆ. ಖರ್ಚು ಜಾಸ್ತಿ, ಒಂದು ಸಲ ಸಾಕು. ಆದರೆ ಜಾಗ ನೋಡಿ ಆರಿಸಿ.

ಪಾರ್ಕ್ ಒಳಗಿನ ಕ್ರಿಸ್ಟಲ್ ಪ್ಯಾಲೆಸ್ ರೆಸ್ಟೋರೆಂಟ್‌ಗೆ ಪಾರ್ಕ್ ಟಿಕೆಟ್ ಬೇಕೇ ಬೇಕು, ಅಲ್ಲಿ ಬರುವುದೂ ಮಿಕ್ಕಿ ಅಲ್ಲ, ಪೂ ಕರಡಿ. ಕಂಟೆಂಪೊರರಿ ಹೋಟೆಲ್‌ನ ಶೆಫ್ ಮಿಕ್ಕೀಸ್ ರೆಸ್ಟೋರೆಂಟ್‌ಗೆ ಟಿಕೆಟ್ ಬೇಡ, ಮಿಕ್ಕಿ ಬರುವುದು ಇಲ್ಲೇ. ಹಾಗಾಗಿ ಅದನ್ನು ಪಾರ್ಕಿಗೆ ಹೋಗದ ದಿನಕ್ಕೆ ಇಟ್ಟುಕೊಳ್ಳಿ. ನಾವು ತಲುಪಿದ ಮರುದಿನಕ್ಕೇ ಇಟ್ಟುಕೊಂಡಿದ್ದೆವು. ಬೇಸಿಗೆಯಲ್ಲಿ ಅಲ್ಲಿಯ ಗಡಿಯಾರ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ, ಮಕ್ಕಳು ನಸುಕಿಗೇ ಎದ್ದು ಹಸಿವು ಅಂತ ಕೂತಿದ್ದರು!

ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ, ತಡ ಮಾಡಬೇಡಿ. 3 ವರ್ಷದೊಳಗಿನ ಮಕ್ಕಳಿಗೆ ಬಫೆ ಉಚಿತ, 3ರಿಂದ 9ಕ್ಕೆ ಮಕ್ಕಳ ದರ.

ಸಸ್ಯಾಹಾರಿಗಳಿಗೆ ಬಫೆಯೇ ವಾಸಿ, ಕಣ್ಣಾರೆ ನೋಡಿ ಬಡಿಸಿಕೊಳ್ಳಬಹುದು. ವಾಫಲ್, ಹಣ್ಣು, ಆಲೂಗಡ್ಡೆ ಸಿಗುತ್ತವೆ. ಮೊಟ್ಟೆ ತಿನ್ನದವರು ವಾಫಲ್ ಬಗ್ಗೆ ಕೇಳಿಯೇ ಹಾಕಿಸಿಕೊಳ್ಳಿ. ಬೆಣ್ಣೆ ದೋಸೆ ತಿಂದ ನಾಲಿಗೆಗೆ ಸ್ವಲ್ಪ ಸಪ್ಪೆ ಅನ್ನಿಸುತ್ತದೆ, ಚಟ್ನಿಪುಡಿ ಇದ್ದರೆ ಒಳ್ಳೆಯದು.

ಇನ್ನೊಂದು ವಿಷಯ. ಚಿಕ್ಕ ಮಕ್ಕಳು ಹೆದರಬಹುದು. ನಮ್ಮ ಸಣ್ಣವಳು ಮಿಕ್ಕಿಯ ನಾಯಿ ಪ್ಲೂಟೊನ ಕಂಡದ್ದೇ ಅಜ್ಜಿಯ ಸೆರಗಿನೊಳಗೆ ಮುಖ ಹುದುಗಿಸಿದಳು. ಅದು ಮಾತಾಡಲ್ಲ, ಅಲ್ವಾ? ಸುಮ್ನೆ ಮೊಣಕಾಲೂರಿ ಕೂತು ಕೈ ಚಾಚಿತು. ಸ್ವಲ್ಪ ಹೊತ್ತಿಗೆ ಇವಳೇ ಹೋಗಿ ಅದರ ಮೂಗು ಮುಟ್ಟಿದಳು. ಫೋಟೊಗೆ ಅಂತ ಮಗುವನ್ನು ಎಳೆಯಬೇಡಿ, ಕಾಯಿರಿ.