ಅಳಿವೆ ಬದಿಯಲ್ಲಿ ಬೇಸ್‌ಮೆಂಟ್: ನೀರು ತಡೆದ ನನ್ನ ಅನುಭವ

ಮಂಗಳೂರಿನಲ್ಲಿ ನೇತ್ರಾವತಿ, ಫಲ್ಗುಣಿ ಎರಡೂ ಒಂದೇ ಅಳಿವೆಯಲ್ಲಿ ಸಮುದ್ರ ಸೇರುತ್ತವೆ. ಅದರ ಹತ್ತಿರ, ಹೊಳೆ ದಂಡೆಗೆ ತಾಗಿದ ಜಾಗದಲ್ಲಿ ಅಂಗಡಿ ಮತ್ತು ಆಫೀಸುಗಳ ಕಟ್ಟಡವೊಂದನ್ನು ನಾವು ಕಟ್ಟಿದೆವು. ಕೆಳಗೆ ಒಂದು ಹಂತದ ಬೇಸ್‌ಮೆಂಟ್ ಪಾರ್ಕಿಂಗ್. ವಾಟರ್‌ಪ್ರೂಫಿಂಗ್ ಎಂದರೆ ಕಟ್ಟಡ ಎದ್ದ ಮೇಲೆ ಬಳಿಯುವ ಕೋಟಿಂಗ್ ಎಂದೇ ತುಂಬ ಜನ ತಿಳಿದಿದ್ದಾರೆ. ಹೊಳೆ ಬದಿಯಲ್ಲಿ ಅದು ಪಿಸಿಸಿ (ಅಡಿಪಾಯದ ಕೆಳಗಿನ ಕಂಬಿಯಿಲ್ಲದ ಕಾಂಕ್ರೀಟ್ ಹಾಸು) ಹಾಕುವ ಮೊದಲೇ ಮುಕ್ಕಾಲು ಪಾಲು ತೀರ್ಮಾನವಾಗಿರಬೇಕು.

ಮೊದಲ ಕೆಲಸ, ನೀರಿನ ಮಟ್ಟ ತಿಳಿಯುವುದು. ಮಣ್ಣು ಪರೀಕ್ಷೆಯ ವರದಿಯಲ್ಲಿ ಇರುವುದು ಬೋರ್ ಹೊಡೆದ ದಿನದ ಮಟ್ಟ ಮಾತ್ರ. ನಾವು ಜಾಗದ ನಾಲ್ಕು ಮೂಲೆಯಲ್ಲೂ ತೂತು ಕೊರೆದ ಪಿವಿಸಿ ಪೈಪು ಇಳಿಸಿ, ಸುತ್ತ ಜಲ್ಲಿ ತುಂಬಿ, ಬೇಸಿಗೆಯಿಂದಲೇ ಅಳೆಯುತ್ತಾ ಬಂದೆವು. ಹುಣ್ಣಿಮೆ, ಅಮಾವಾಸ್ಯೆಯ ಉಬ್ಬರಕ್ಕೆ ಪೈಪಿನೊಳಗಿನ ನೀರೂ ಏರುತ್ತಿತ್ತು, ಹೊಳೆಗಿಂತ ಸ್ವಲ್ಪ ತಡವಾಗಿ. ಜುಲೈನಲ್ಲಿ ಹೊಳೆ ತುಂಬಿ ಹರಿಯುವಾಗ ಉಬ್ಬರವೂ ಸೇರಿದರೆ ನೆಲದಿಂದ ಅರ್ಧ ಮೀಟರ್ ಕೆಳಗೇ ನೀರು. ಡಿಸೈನಿಗೆ ಆ ಮಟ್ಟವನ್ನೇ ಕೊಟ್ಟೆವು.

ನೀರಿನ ಗುಣವನ್ನು ಪರೀಕ್ಷಿಸುವುದಕ್ಕೆ ಮಾತ್ರ ಏಪ್ರಿಲ್, ಮೇ ತಿಂಗಳೇ ಸರಿ. ಮಳೆಗಾಲದಲ್ಲಿ ಸಿಹಿಯಾಗಿರುವ ದಂಡೆಯ ಬಾವಿಗೆ ಬೇಸಿಗೆಯಲ್ಲಿ ಉಪ್ಪು ನುಗ್ಗುತ್ತದೆ. ಭಾರತೀಯ ಕಾಂಕ್ರೀಟ್ ಮಾನದಂಡ ಐಎಸ್ 456ರ ಪ್ರಕಾರ ಕಂಬಿ ಇರುವ ಕಾಂಕ್ರೀಟಿಗೆ ಬಳಸುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ಮೀರಬಾರದು. ನಮ್ಮ ಸೈಟಿನ ಬಾವಿ ಬೇಸಿಗೆಯಲ್ಲಿ ಅದನ್ನು ಎಷ್ಟೋ ಮೀರಿತ್ತು. ಕ್ಯೂರಿಂಗಿಗೂ ಟ್ಯಾಂಕರ್ ನೀರನ್ನೇ ತರಿಸಿದೆವು. ಕಾಂಕ್ರೀಟ್ ಎಂ35 ದರ್ಜೆಯದು, ಸ್ಲ್ಯಾಗ್ (ಕಬ್ಬಿಣದ ಕುಲುಮೆಯ ಕಿಟ್ಟದ ಪುಡಿ) ಬೆರೆಸಿದ್ದು. ಮಣ್ಣಿನ ಕಡೆಗೆ ಕಂಬಿಯ ಕವರ್, ಅಂದರೆ ಕಂಬಿಯ ಹೊರಗಿನ ಕಾಂಕ್ರೀಟಿನ ದಪ್ಪ, 50 ಮಿಲಿಮೀಟರ್.

ಡೀವಾಟರಿಂಗ್ (ಅಗೆದ ಗುಂಡಿಯ ನೀರನ್ನು ಪಂಪಿನಲ್ಲಿ ಹೊರಹಾಕುವುದು) ಬಗ್ಗೆ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ನಮ್ಮ ರಾಫ್ಟಿನ (ಕಟ್ಟಡದಡಿ ಪೂರ್ತಿ ಹರಡಿದ ಅಡಿಪಾಯದ ಸ್ಲ್ಯಾಬಿನ) ತಳ ನೆಲದಿಂದ ಮೂರೂವರೆ ಮೀಟರ್ ಆಳದಲ್ಲಿತ್ತು. ನೀರು ಅರ್ಧ ಮೀಟರಿಗೆ ಬಂದರೆ ಮೂರು ಮೀಟರ್ ನೀರಿನ ಒತ್ತಡ, ಅಂದರೆ ಪ್ರತಿ ಚದರ ಮೀಟರಿಗೆ 3 ಟನ್ ಮೇಲ್ಮುಖವಾಗಿ ನೂಕುತ್ತದೆ. 600 ಮಿಲಿಮೀಟರ್ ದಪ್ಪದ ರಾಫ್ಟಿನ ತೂಕ ಅಷ್ಟೇ ಜಾಗಕ್ಕೆ ಒಂದೂವರೆ ಟನ್. ಮೇಲಿನ ಮಹಡಿಗಳ ಭಾರ ಬೀಳುವ ತನಕ ಖಾಲಿ ಬೇಸ್‌ಮೆಂಟ್ ದೋಣಿಯ ಹಾಗೆ ತೇಲಲು ನೋಡುತ್ತದೆ. ಆದ್ದರಿಂದ ಸ್ಟ್ರಕ್ಚರಲ್ ಇಂಜಿನಿಯರ್ ಬರವಣಿಗೆಯಲ್ಲಿ ಒಪ್ಪಿಗೆ ಕೊಡುವವರೆಗೆ ಪಂಪು ನಿಲ್ಲಿಸಲಿಲ್ಲ. ಗಾಳಿಮಳೆಗೆ ಕರೆಂಟು ಹೋಗುವುದು ನಮ್ಮೂರಲ್ಲಿ ಹೊಸತಲ್ಲ, ಹಾಗಾಗಿ ಜನರೇಟರೂ ಹೆಚ್ಚುವರಿ ಪಂಪೂ ರಾತ್ರಿ ಕಾವಲಿನವರೂ ಖರ್ಚಿನ ಪಟ್ಟಿಯಲ್ಲಿ ಮೊದಲಿಂದಲೇ ಇದ್ದರು.

ಆ ಜಾಗದಲ್ಲಿ ಮುಂಚೆ ಹೆಂಚಿನ ಕಾರ್ಖಾನೆ ಇತ್ತು. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಹೆಂಚು ಮಾಡಲು ಶುರು ಮಾಡಿದ ಮೇಲೆ ಇಂಥ ಕಾರ್ಖಾನೆಗಳು ಹೊಳೆ ದಂಡೆಗಳಲ್ಲೇ ಎದ್ದವು, ಆವೆ ಮಣ್ಣು ದೋಣಿಯಲ್ಲಿ ಬರುತ್ತಿದ್ದ ಕಾರಣ. ಆ ಚರಿತ್ರೆ ಅಗೆದಲ್ಲೆಲ್ಲ ಹೆಂಚಿನ ಚೂರಾಗಿ ಸಿಕ್ಕಿತು. ನೀರು ತಡೆಯಲು ಹಾಸುವ ಮೆಂಬ್ರೇನ್ ಹಾಳೆ ಹರಿಯಲು ಒಂದು ಚೂಪು ಚೂರು ಸಾಕು. ಪಿಸಿಸಿಯನ್ನು ನುಣ್ಣಗೆ ತೇದು, ಗೋಡೆಯ ಹೊರಬದಿಗೆ ಅಗೆದ ಮಣ್ಣನ್ನು ವಾಪಸ್ ತುಂಬದೆ ಶುದ್ಧ ಹೊಯಿಗೆ (ಮರಳು) ತುಂಬಿಸಿದೆ.

ರಾಫ್ಟಿನ ಕೆಳಗೆ ಯಾವ ಮೆಂಬ್ರೇನ್ ಎಂಬುದರಲ್ಲಿ ಚರ್ಚೆಯಾಯಿತು. ಸುಮ್ಮನೆ ಹಾಸುವ ಪಿವಿಸಿ ಶೀಟು ಅಗ್ಗ. ಆದರೆ ಅದು ಒಂದು ಕಡೆ ತೂತಾದರೆ ನೀರು ಶೀಟಿಗೂ ಕಾಂಕ್ರೀಟಿಗೂ ನಡುವೆ ಹರಿದು ಇನ್ನೆಲ್ಲೋ ಮೇಲೆ ಬರುತ್ತದೆ, ಮೂಲ ಹುಡುಕುವುದೇ ಕಷ್ಟ. ನಾನು ಪಟ್ಟು ಹಿಡಿದದ್ದು ಹಸಿ ಕಾಂಕ್ರೀಟಿಗೆ ತಾನೇ ಕಚ್ಚಿಕೊಳ್ಳುವ ಎಚ್‌ಡಿಪಿಇ ಪ್ಲಾಸ್ಟಿಕ್ ಮೆಂಬ್ರೇನಿಗೆ. ಅದು ತೂತಾದರೂ ನೀರು ಆ ತೂತಿನ ಜಾಗದಲ್ಲೇ ನಿಲ್ಲುತ್ತದೆ.

"ಕಣ್ಣಿಗೆ ಕಾಣದ್ದಕ್ಕೆ ಇಷ್ಟು ದುಡ್ಡು ಎಂತಕ್ಕೆ ಇಂಜಿನಿಯರ್ರೇ?" ಎಂದರು ಮಾಲೀಕರು.

"ಕಾಣುವ ಹಾಗಾದ ಮೇಲೆ ಸರಿ ಮಾಡಲಿಕ್ಕೆ ಆಗುವುದಿಲ್ಲ ಸರ್, ರಾಫ್ಟ್ ಎತ್ತಿ ಕೆಳಗೆ ಕೈ ಹಾಕಲು ಬರುತ್ತದಾ?" ಎಂದೆ. ಒಪ್ಪಿದರು.

ಇಷ್ಟಾದರೂ ನೀರು ಬರುವುದು ಹಾಳೆಯ ನಡುವಿನಿಂದಲ್ಲ, ಜಾಯಿಂಟಿನಿಂದ. ರಾಫ್ಟಿಗೂ ಗೋಡೆಗೂ ನಡುವಿನ ಜಾಯಿಂಟಿನಲ್ಲಿ 230 ಮಿಲಿಮೀಟರ್ ಅಗಲದ, ನೀರು ತಡೆಯುವ ಪಿವಿಸಿ ಪಟ್ಟಿ (ವಾಟರ್‌ಸ್ಟಾಪ್) ಇಟ್ಟೆವು. ರಾಫ್ಟಿನ ಜೊತೆಗೇ 150 ಮಿಲಿಮೀಟರ್ ಎತ್ತರದ ಕಿಕ್ಕರ್ (ಗೋಡೆಯ ಬುಡದ ಗಿಡ್ಡ ಭಾಗ) ಹಾಕಿ, ಪಟ್ಟಿಯ ಅರ್ಧ ಅದರೊಳಗೆ, ಉಳಿದರ್ಧ ಮೇಲಿನ ಗೋಡೆಗೆ. ಕಂಬಿ ಕಟ್ಟುವವರು ಅವಸರದಲ್ಲಿ ಪಟ್ಟಿಯ ಮಧ್ಯಕ್ಕೇ ಮೊಳೆ ಹೊಡೆದು ನಿಲ್ಲಿಸುತ್ತಾರೆ. ಹಾಗೆ ಮಾಡಿದರೆ ವಾಟರ್‌ಸ್ಟಾಪ್ ಇದ್ದೂ ಇಲ್ಲದ ಹಾಗೆ. ಅಂಚಿನ ರಿಂಗಿಗೆ ಮಾತ್ರ ಬೈಂಡಿಂಗ್ ವೈರ್ ಕಟ್ಟಬೇಕು, ತುದಿ ತುದಿ ಸೇರುವಲ್ಲಿ ಬಿಸಿ ಬ್ಲೇಡಿನಲ್ಲಿ ಕರಗಿಸಿ ಬೆಸೆಯಬೇಕು. ಒಂದರ ಮೇಲೊಂದು ಇಟ್ಟು ಕಟ್ಟಿದ್ದು ನಡೆಯುವುದಿಲ್ಲ. ಬಾಗಲಕೋಟೆಯಿಂದ ಬಂದ ಮೇಸ್ತ್ರಿಯೊಬ್ಬರಿಗೆ ಇದರ ಕಾರಣವನ್ನು ನೀರಿನ ದಾರಿ ಬಿಡಿಸಿ ತೋರಿಸಿ ಹೇಳಿದ ಮೇಲೆ, ಅವರ ತಂಡದ ಕೆಲಸವನ್ನು ನಾನು ಎರಡನೇ ಸಲ ನೋಡಬೇಕಾಗಲಿಲ್ಲ. ಕೆಲಸದವರಿಗೆ ಆದೇಶ ಸಾಲದು, ಕಾರಣ ಹೇಳಬೇಕು ಎಂದು ನಾನು ಬಲವಾಗಿ ನಂಬಿದ್ದೇನೆ.

ನೀರು ತಾಗಿದರೆ ಉಬ್ಬುವ ಜೇಡಿಮಣ್ಣಿನ ಬೆಂಟೊನೈಟ್ ಪಟ್ಟಿ ಹಾಕೋಣ ಎಂದವರೂ ಇದ್ದರು. ಉಪ್ಪು ನೀರಿನಲ್ಲಿ ಬೆಂಟೊನೈಟ್ ಸಿಹಿನೀರಿನಲ್ಲಿ ಉಬ್ಬಿದಷ್ಟು ಉಬ್ಬುವುದಿಲ್ಲ. ಅಳಿವೆ ಬದಿಗೆ ಅದು ಬೇಡ ಎಂದೆ. ಬದಲಿಗೆ ಜಾಯಿಂಟಿನುದ್ದಕ್ಕೂ, ಮುಂದೆ ಸೋರಿದರೆ ರೆಸಿನ್ ತುಂಬಲು ಇಂಜೆಕ್ಷನ್ ಹೋಸ್ ಹೂತು, ಅದರ ಬಾಯಿಗಳನ್ನು ಒಳಗೋಡೆಯ ಚಿಕ್ಕ ಡಬ್ಬಿಗಳಲ್ಲಿ ಬಿಟ್ಟೆವು.

ಗೋಡೆ ಶಟರಿಂಗಿನ ಎರಡೂ ಬದಿಯ ಹಲಗೆಗಳನ್ನು ಬಿಗಿಹಿಡಿಯುವ ಟೈ ರಾಡ್‌ಗಳ ತೂತುಗಳು ಇನ್ನೊಂದು ತಲೆನೋವು. ಪ್ರತಿಯೊಂದೂ ಗೋಡೆಯ ಆಚೆಯಿಂದ ಈಚೆಗೆ ನೇರ ದಾರಿ. ಒಳಗಿನ ಸ್ಲೀವ್ ತೆಗೆದು, ತೂತಿನ ಬದಿ ಒರಟು ಮಾಡಿ, ಕುಗ್ಗದ ಗ್ರೌಟನ್ನು ಎರಡೂ ಬದಿಯಿಂದ ಇಡುಕಿ, ಹೊರಗೆ ಮೆಂಬ್ರೇನ್ ತೇಪೆ ಹಾಕಿಸಿದೆ. ಕೇಬಲ್, ಡ್ರೈನ್ ಪೈಪುಗಳಿಗೆ ಪಡ್ಲ್ ಫ್ಲ್ಯಾಂಜನ್ನು (ಪೈಪಿನ ಸುತ್ತ ನೀರು ತಡೆಯುವ ಬಳೆ) ಕಾಂಕ್ರೀಟ್ ಹಾಕುವ ಮೊದಲೇ ಕೂರಿಸಿದ್ದಾಯಿತು. ಆಮೇಲೆ ಕೋರ್ ಕಟಿಂಗ್ (ಗೋಡೆ ಕೊರೆಯುವುದು) ಮಾಡಲು ಎಲೆಕ್ಟ್ರಿಕಲ್ ಕಂಟ್ರಾಕ್ಟರಿಗೆ ಬಿಡಲೇ ಇಲ್ಲ.

ಟೆರೇಸಿನದ್ದು ಎಲ್ಲರಿಗೂ ಗೊತ್ತಿರುವ ಕೆಲಸ: 1:100 ಇಳಿಜಾರು, ಪ್ಯಾರಪೆಟ್ ಬುಡಕ್ಕೆ ಗುಂಡಗಿನ ಗಾರೆಯ ಅಂಚು (ವಾಟಾ), ಪಿಯು (ಪಾಲಿಯುರೆಥೇನ್) ಕೋಟಿಂಗ್, ಮೂರು ದಿನ ನೀರು ನಿಲ್ಲಿಸಿ ಪರೀಕ್ಷೆ. ಗಮನ ಬೇಕಾದದ್ದು ಪಡುವಣ ಗೋಡೆಗೆ. ನಮ್ಮ ಕಡೆ ಮಳೆ ಗಾಳಿಯೊಂದಿಗೆ ಅಡ್ಡಡ್ಡ ಹೊಡೆಯುತ್ತದೆ. ಕಿಟಕಿಯ ಹಲಗೆ ಹೊರಕ್ಕೆ ಇಳಿಜಾರಾಗಿರಬೇಕು, ಸನ್‌ಶೇಡಿನ ಅಡಿಯಲ್ಲಿ ನೀರು ತೊಟ್ಟಿಕ್ಕುವ ಗೀರು ಇರಬೇಕು.

ಮೊದಲ ಮಳೆಗಾಲದಲ್ಲಿ ದೊಡ್ಡ ಉಬ್ಬರದ ರಾತ್ರಿಗಳಲ್ಲಿ ಬೇಸ್‌ಮೆಂಟಿನ ಗೋಡೆಗಳನ್ನು ಟಾರ್ಚ್ ಹಿಡಿದು ಸುತ್ತಿದೆವು. ಒಂದೆರಡು ಟೈ ರಾಡ್ ಜಾಗಗಳಲ್ಲಿ, ರಾಂಪಿನ ಜಾಯಿಂಟಿನ ಒಂದು ತುಂಡಿನಲ್ಲಿ ತೇವ ಕಂಡಿತು. ಜಾಯಿಂಟಿಗೆ ಹೂತಿಟ್ಟ ಹೋಸಿನ ಮೂಲಕ ಪಿಯು ರೆಸಿನ್ ತುಂಬಿಸಿದೆವು, ತೂತುಗಳಿಗೆ ಓರೆಯಾಗಿ ಪ್ಯಾಕರ್ (ರೆಸಿನ್ ನುಗ್ಗಿಸುವ ನಳಿಗೆ) ಹಾಕಿ ಇಂಜೆಕ್ಟ್ ಮಾಡಿದೆವು. ಮುಂದಿನ ಉಬ್ಬರಕ್ಕೆ ಎರಡೂ ಒಣಗಿದ್ದವು. ಹೋಸ್ ಡಬ್ಬಿಗಳು ಎಲ್ಲೆಲ್ಲಿವೆ ಎಂಬ ನಕ್ಷೆಯನ್ನು ಲ್ಯಾಮಿನೇಟ್ ಮಾಡಿಸಿ ಪಂಪ್ ರೂಮಿನ ಗೋಡೆಗೆ ಹಾಕಿಸಿ, ಅದರದೇ ಒಂದು ಪ್ರತಿಯನ್ನು ಮಾಲೀಕರ ಕೈಗೂ ಕೊಟ್ಟಿದ್ದೇನೆ.